ಕೂಲ್‌ಡ್ರಿಂಕ್ಸ್ ಫ್ರಿಜ್‌ನಲ್ಲಿ ಟ್ರೇಲ್ ಪ್ರೋಟೀನ್: ಹಾಸನದ ಒಂದು ಲ್ಯಾಬ್ ಲಾಗ್

ಟ್ರೇಲ್ ಪ್ರೋಟೀನ್ ಕೊಳ್ಳೋಕೆ ಹೋದರೆ ಪುಟ್ಟ ಸೀಸೆಯ ತಳದಲ್ಲಿ ಕಂಡೂ ಕಾಣದ ಹಾಗೆ ಒಂದಿಷ್ಟು ಬಿಳಿ ಪುಡಿ ಬರುತ್ತದೆ. ಮೈಕ್ರೋಗ್ರಾಂ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಸೀಸೆ ತರಿಸಿದರೆ ನಮ್ಮಂಥ ಕಾಲೇಜಿನ ಡಿಪಾರ್ಟ್‌ಮೆಂಟ್‌ಗೆ ಆ ಟರ್ಮಿನ ಕೆಮಿಕಲ್ ದುಡ್ಡು ಬಹುಪಾಲು ಅಲ್ಲೇ ಮುಗೀತು. ಅದಕ್ಕೇ ನಾವೇ ಮಾಡಿಕೊಳ್ಳೋಣ ಅಂತ ಕೂತೆವು. ಜೀನ್ ಸಿಗುತ್ತದೆ, ಬ್ಯಾಕ್ಟೀರಿಯಾ ಇದೆ, ಪ್ರೋಟೀನ್ ಸೋಸೋಕೆ ನಿಕಲ್ ರೆಸಿನ್ ಇದೆ. ಇಲ್ಲದ್ದು ಒಂದೇ, ಬ್ಯಾಕ್ಟೀರಿಯಾ ಕಲ್ಚರನ್ನು ರಾತ್ರಿಯಿಡೀ 18 ಡಿಗ್ರಿಯಲ್ಲಿ ಅಲುಗಾಡಿಸುವ ಶೇಕರ್ (ಬೆಚ್ಚಗೆ ಬೆಳೆಸಿದರೆ ಪ್ರೋಟೀನ್ ಗಂಟುಕಟ್ಟಿಬಿಡುತ್ತದೆ). ಹಾಸನಕ್ಕೆ ಬಡವರ ಊಟಿ ಅಂತ ಹೆಸರಿದ್ದರೂ ಏಪ್ರಿಲ್‌ನಲ್ಲಿ ನಮ್ಮ ಲ್ಯಾಬ್ ಒಳಗೆ ಅದನ್ನು ನಂಬಿಕೊಂಡು ಕಲ್ಚರ್ ಇಡೋಕಾಗಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಟ್ರೇಲ್ ನಮ್ಮ ದೇಹದ್ದೇ ಪ್ರೋಟೀನ್. ರೋಗನಿರೋಧಕ ಕೋಶಗಳ ಮೇಲ್ಮೈಯಲ್ಲಿರುತ್ತದೆ. ಬೇರೆ ಕೋಶದ ಮೇಲಿರುವ ಡಿಆರ್4, ಡಿಆರ್5 ಎಂಬ ರಿಸೆಪ್ಟರ್‌ಗಳಿಗೆ ಅಂಟಿಕೊಂಡರೆ ಒಳಗೆ ಕ್ಯಾಸ್ಪೇಸ್-8, ಆಮೇಲೆ ಕ್ಯಾಸ್ಪೇಸ್-3 ಎಂಬ ಕಿಣ್ವಗಳು ಚಾಲೂ ಆಗಿ ಆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. 1995ರಲ್ಲಿ ಒಂದು ತಂಡ ಇದನ್ನು ಟ್ರೇಲ್ ಅಂತ ವರದಿ ಮಾಡಿತು, ಮರುವರ್ಷ ಇನ್ನೊಂದು ತಂಡ ಅಪೊ2ಎಲ್ ಅಂತ. ಎರಡೂ ಒಂದೇ. ಕ್ಯಾನ್ಸರ್ ಲ್ಯಾಬ್‌ಗಳಿಗೆ ಇದರ ಮೇಲೆ ಯಾಕಿಷ್ಟು ಆಸೆ ಅಂದರೆ, ಹಲವು ಬಗೆಯ ಕ್ಯಾನ್ಸರ್ ಕೋಶಗಳು ಇದಕ್ಕೆ ಸಾಯುತ್ತವೆ, ಹೆಚ್ಚಿನ ಮಾಮೂಲಿ ಕೋಶಗಳು ಸಾಯೋದಿಲ್ಲ. ಅದೂ ಪಿ53 ಎಂಬ ಕಾವಲು ಪ್ರೋಟೀನ್ ಕೆಟ್ಟುಹೋಗಿರುವ ಕೋಶಗಳೂ ಸಾಯುತ್ತವೆ. ಕೀಮೋ ಔಷಧಿಗಳಲ್ಲಿ ಬಹಳಷ್ಟು ಪಿ53 ಮೇಲೆ ಭಾರ ಹಾಕುವಂಥವು, ಇದಕ್ಕೆ ಅದರ ಹಂಗಿಲ್ಲ.

ಔಷಧಿಯಾಗಿ ಇದರ ಕಥೆ ಅಷ್ಟು ಸುಖದ್ದಲ್ಲ. ಡುಲಾನರ್ಮಿನ್ ಅನ್ನೋ ಹೆಸರಲ್ಲಿ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ರಕ್ತದಲ್ಲಿ ಇದರ ಅರ್ಧಾಯುಷ್ಯ ಒಂದು ಗಂಟೆಗಿಂತ ಕಡಿಮೆ. ಶ್ವಾಸಕೋಶದ ಕ್ಯಾನ್ಸರ್‌ನ ಎರಡನೇ ಹಂತದ ಪರೀಕ್ಷೆಯಲ್ಲಿ ಕೀಮೋ ಜೊತೆ ಸೇರಿಸಿ ಕೊಟ್ಟರೂ ಹೆಚ್ಚಿನ ಲಾಭ ಕಾಣಲಿಲ್ಲ. 2023ರಲ್ಲಿ ಚೀನಾದಲ್ಲಿ ಇದರದ್ದೇ ಒಂದು ಬದಲಾಯಿಸಿದ ರೂಪಕ್ಕೆ ಮಲ್ಟಿಪಲ್ ಮೈಲೋಮಾಗೆ ಅನುಮತಿ ಸಿಕ್ಕಿತು. ನಮಗೆ ಬೇಕಿರೋದು ಅದ್ಯಾವುದೂ ಅಲ್ಲ. ಪ್ಲೇಟಿನಲ್ಲಿ ಬೆಳೆದ ಕೋಶಗಳ ಮೇಲೆ ಹಾಕಿ, ಸಾವಿನ ದಾರಿ ಹೇಗೆ ನಡೆಯುತ್ತದೆ ಅಂತ ನೋಡುವ ಮಟ್ಟದ ಪ್ರೋಟೀನ್ ಸಾಕು. ನಮ್ಮ ಅಟೆಂಡರ್ ಒಂದಿನ ಕೇಳಿದರು, "ಮೇಡಂ, ಇದು ಕ್ಯಾನ್ಸರ್‌ಗೆ ಔಷಧಿ ಅಂತಲ್ಲ, ನಮ್ಮೋರೊಬ್ಬರಿಗೆ ಗಂಟಲಲ್ಲಿ ಗಡ್ಡೆ ಐತೆ..." "ಇಲ್ಲಣ್ಣ, ಇದು ಬರೀ ಲ್ಯಾಬಿಗೆ. ಇದನ್ನ ಯಾರಿಗೂ ಕೊಡೋ ಹಾಗಿಲ್ಲ. ಅವರನ್ನ ಬೆಂಗಳೂರಿಗೆ ಕಿದ್ವಾಯಿಗೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ" ಅಂದೆ. ಇದನ್ನು ಇಲ್ಲೂ ಒಮ್ಮೆ ಹೇಳಿಬಿಡುತ್ತೇನೆ: ಕೆಳಗೆ ಬರೆದಿರೋದೆಲ್ಲ ಟ್ಯೂಬು, ಪ್ಲೇಟುಗಳ ಮಾತು.

ಫ್ರಿಜ್ ಕಟ್ಟಿದ್ದು

ನಮ್ಮಲ್ಲಿ ಒಂದು ಹಳೆ ಇನ್ಕ್ಯುಬೇಟರ್ ಶೇಕರ್ ಇತ್ತು. ತಗಡಿನ ಪೆಟ್ಟಿಗೆ ತುಕ್ಕು ಹಿಡಿದು ತೂತು ಬಿದ್ದಿತ್ತು, ಸ್ಪೀಡ್ ಕಂಟ್ರೋಲ್ ಮಾಡೋ ಕಾರ್ಡ್ ಸುಟ್ಟಿತ್ತು. ಆದರೆ ಕೆಳಗಿನ ಅಲುಗಾಡಿಸುವ ಭಾಗ, ಅಂದರೆ ಮೋಟಾರು, ಬೆಲ್ಟು, ಎಕ್ಸೆಂಟ್ರಿಕ್ ಶಾಫ್ಟು, ಮೇಲಿನ ತಟ್ಟೆ, ಎಲ್ಲ ಗಟ್ಟಿಮುಟ್ಟಾಗಿತ್ತು. ಅದು ಬರೀ ಬಿಸಿ ಮಾಡುವ ಮಾಡೆಲ್ಲು. ತಣ್ಣಗೆ ಮಾಡೋದು ಅದರ ಜಾತಕದಲ್ಲೇ ಇಲ್ಲ. ತಣ್ಣಗೂ ಮಾಡುವ ಹೊಸ ಶೇಕರ್‌ಗೆ ಕೊಟೇಶನ್ ತರಿಸಿ ನೋಡಿ, ಮಡಚಿ ಫೈಲ್‌ನಲ್ಲಿಟ್ಟೆವು.

ಗುಜರಿ ಅಂಗಡಿಯಲ್ಲಿ ಗಾಜಿನ ಬಾಗಿಲಿನ ಒಂದು ಕೂಲ್‌ಡ್ರಿಂಕ್ಸ್ ಫ್ರಿಜ್ ಸಿಕ್ಕಿತು. ಬೇಕರಿಯವರು ಹಾಕಿಹೋಗಿದ್ದು. ಥರ್ಮೋಸ್ಟಾಟ್ ಸತ್ತಿತ್ತು, ಕಂಪ್ರೆಸರ್ ಜೀವಂತ. ಪ್ಲಗ್ ಹಾಕಿ ನೇರ ಕನೆಕ್ಷನ್ ಕೊಟ್ಟು ನೋಡಿದೆವು, ಸ್ವಲ್ಪ ಹೊತ್ತಲ್ಲೇ ಒಳಗೋಡೆ ಕೊರೆಯಿತು. ಅಷ್ಟು ಸಾಕು. ಗಾಜಿನ ಬಾಗಿಲು ಇರೋದು ನಮಗೆ ಲಾಭ, ತೆಗೆಯದೇ ಫ್ಲಾಸ್ಕ್ ನೋಡಬಹುದು.

ಹಳೇ ಥರ್ಮೋಸ್ಟಾಟ್ ಕಿತ್ತು ಅದರ ಜಾಗಕ್ಕೆ ಎಸ್‌ಟಿಸಿ-1000 ಕಂಟ್ರೋಲರ್ ಹಾಕಿದೆವು. ಇದು ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗೋ ಪುಟ್ಟ ಡಬ್ಬಿ. ಒಳಗೆ ಎರಡು ರಿಲೇ ಇರುತ್ತವೆ, ಒಂದು ತಂಪಿಗೆ, ಒಂದು ಬಿಸಿಗೆ. ತಂಪಿನ ರಿಲೇಗೆ ಕಂಪ್ರೆಸರ್, ಬಿಸಿಯ ರಿಲೇಗೆ ಕೋಳಿಮರಿಗಳಿಗೆ ಕಾವು ಕೊಡೋಕೆ ಹಾಕುವ ಬಲ್ಬ್. ಹೀಗಾಗಿ ಒಂದೇ ಪೆಟ್ಟಿಗೆ 37 ಡಿಗ್ರಿಗೂ ಆಯ್ತು, 18ಕ್ಕೂ ಆಯ್ತು. ಎಫ್1ರಲ್ಲಿ ಬೇಕಾದ ಉಷ್ಣತೆ, ಎಫ್2ರಲ್ಲಿ ಎಷ್ಟು ಆಚೀಚೆ ಆಗಬಹುದು ಅನ್ನೋದು, ಎಫ್3ರಲ್ಲಿ ಕಂಪ್ರೆಸರ್ ಮತ್ತೆ ಚಾಲೂ ಆಗೋಕೆ ಎಷ್ಟು ನಿಮಿಷ ಕಾಯಬೇಕು ಅನ್ನೋದು. ಎಫ್3ನ್ನು 5ಕ್ಕೆ ಇಟ್ಟೆವು. ಕಂಪ್ರೆಸರ್ ನಿಂತ ತಕ್ಷಣ ಮತ್ತೆ ಚಾಲೂ ಆದರೆ ಒಳಗಿನ ಒತ್ತಡ ಇಳಿಯದೇ ಮೋಟಾರು ಹಿಡಿದುಕೊಂಡು ಸುಡುತ್ತದೆ, ಗುಜರಿ ಕಂಪ್ರೆಸರ್‌ಗೆ ಅಷ್ಟು ಮರ್ಯಾದೆ ಕೊಡಲೇಬೇಕು. ಎಫ್4 ಸೆನ್ಸರ್ ಸರಿಪಡಿಸೋಕೆ. ಥರ್ಮಾಸ್ ಫ್ಲಾಸ್ಕಿಗೆ ಪುಡಿ ಐಸು, ಸ್ವಲ್ಪ ನೀರು ಹಾಕಿ ಕಲಕಿ, ಸೆನ್ಸರ್ ಮುಳುಗಿಸಿ, ಸೊನ್ನೆ ಬರೋವರೆಗೆ ಹೊಂದಿಸಿದೆವು.

ಸೆನ್ಸರನ್ನು ಸುಮ್ನೆ ಗಾಳಿಯಲ್ಲಿ ನೇತುಹಾಕಿದರೆ ಬಾಗಿಲು ತೆಗೆದಾಗೆಲ್ಲ ಕಂಪ್ರೆಸರ್ ಹುಚ್ಚು ಹಿಡಿದ ಹಾಗೆ ಓಡುತ್ತದೆ. ಅದಕ್ಕೆ ಅದನ್ನು ನೀರು ತುಂಬಿದ ಒಂದು ಚಿಕ್ಕ ಬಾಟಲಿಯೊಳಗೆ ಇಳಿಬಿಟ್ಟು, ಆ ಬಾಟಲಿಯನ್ನು ತಟ್ಟೆಯ ಮೇಲೆ ಫ್ಲಾಸ್ಕ್‌ಗಳ ಪಕ್ಕದಲ್ಲೇ ಕಟ್ಟಿದೆವು. ಕಲ್ಚರ್ ಎಷ್ಟು ತಣ್ಣಗಿದೆಯೋ ಅದಕ್ಕೆ ಹತ್ತಿರದ ನಂಬರು ಆಗ ಸಿಗುತ್ತದೆ.

ಇನ್ನು ಅದುರುವಿಕೆ. ಎರಡು ಫ್ಲಾಸ್ಕ್ ಹೊತ್ತ ತಟ್ಟೆ ನಿಮಿಷಕ್ಕೆ 180 ಸುತ್ತು ತಿರುಗಿದರೆ ಹಗುರವಾದ ಫ್ರಿಜ್ ನಡೆಯೋಕೆ ಶುರು ಮಾಡುತ್ತದೆ. ಫ್ರಿಜ್ ಒಳಗೆ ಕೊರೆಯೋಕೆ ಹೋಗಬೇಡಿ, ಎಲ್ಲಿ ಗ್ಯಾಸಿನ ಪೈಪು ಹೋಗಿದೆ ಅಂತ ಹೊರಗಿಂದ ಕಾಣಲ್ಲ. ನಾವು ತಳಕ್ಕೆ ಸರಿಯಾಗಿ ಒಂದು ಕಡಪ ಕಲ್ಲು ಕತ್ತರಿಸಿ ತಂದು, ಕಲ್ಲಿಗೇ ತೂತು ಹಾಕಿಸಿ, ಶೇಕರ್‌ನ ಕಾಲುಗಳನ್ನು ಅದಕ್ಕೆ ಬೋಲ್ಟ್ ಮಾಡಿ, ಕೆಳಗೆ ದಪ್ಪ ರಬ್ಬರ್ ಹಾಸಿ ಕೂರಿಸಿದೆವು. ಕಲ್ಲಿಂದ ಇನ್ನೊಂದು ಉಪಕಾರ, ತಂಪು ಹಿಡಿದಿಟ್ಟುಕೊಳ್ಳುತ್ತದೆ. ವೈರುಗಳನ್ನು ನೀರು ಹೋಗುವ ತೂತಿನಿಂದಲೇ ಹೊರಗೆ ತಂದು ಎಂ-ಸೀಲ್ ಮೆತ್ತಿದೆವು. ಸುಟ್ಟದ್ದರ ಬದಲಿಗೆ ಹಾಕಿದ ಸ್ಪೀಡ್ ಕಾರ್ಡ್ ಹೊರಗೇ ಇರಲಿ. ಒಳಗಿಟ್ಟರೆ ಬಾಗಿಲು ತೆಗೆದಾಗ ಬೆವರು ಕೂತು ಮತ್ತೆ ಸುಡುತ್ತದೆ.

ಮೋಟಾರಿನ ಕಾರ್ಬನ್ ಬ್ರಷ್ ಸವೆದು ಕಿಡಿ ಹಾರುತ್ತಿತ್ತು. ಬಿ.ಎಂ. ರಸ್ತೆಯ ಒಂದು ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆವು. ಅವರು ತಿರುಗಿಸಿ ನೋಡಿ, "ಇದರ ಬ್ರಷ್ ಎಲ್ಲೂ ಸಿಗಲ್ಲ ಮೇಡಂ. ಮಿಕ್ಸಿ ಬ್ರಷ್ ಉಜ್ಜಿ ಕೂರಿಸ್ಕೊಡ್ತೀನಿ, ಓಡುತ್ತೆ ಹೋಗಿ" ಅಂದರು. ಉಪ್ಪುಕಾಗದದ ಮೇಲೆ ಬ್ರಷ್ಷನ್ನು ನಾಲ್ಕೂ ಕಡೆ ಉಜ್ಜಿ, ಹೋಲ್ಡರ್‌ಗೆ ಇಳಿಸಿ ನೋಡಿ, ಮತ್ತೆ ಉಜ್ಜಿ, ಕೊನೆಗೆ ತುದಿಯನ್ನು ಕಮ್ಯುಟೇಟರ್‌ನ ಗುಂಡಗೆ ಹೊಂದುವ ಹಾಗೆ ಕಮಾನಾಗಿ ಉಜ್ಜಿದರು. ಕಿಡಿ ನಿಂತಿತು. ಅಂದಿನಿಂದ ಓಡುತ್ತಲೇ ಇದೆ.

ಸುತ್ತು ಎಣಿಸೋಕೆ ಟ್ಯಾಕೋಮೀಟರ್ ಇರಲಿಲ್ಲ. ತಟ್ಟೆಯ ಅಂಚಿಗೆ ಕೆಂಪು ಟೇಪ್ ಅಂಟಿಸಿ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದೆವು. ಸೆಕೆಂಡಿಗೆ 240 ಫ್ರೇಮ್ ಇದ್ದರೆ, 180 ಆರ್‌ಪಿಎಂ ಅಂದರೆ ಒಂದು ಸುತ್ತಿಗೆ ಸರಿಯಾಗಿ 80 ಫ್ರೇಮ್. ನಾಬ್ ಮೇಲೆ ಅಲ್ಲೇ ಮಾರ್ಕರ್‌ನಲ್ಲಿ ಗೀಟು.

ಕರೆಂಟ್ ವಿಷಯ ಹೇಳಲೇಬೇಕಲ್ವಾ. ಶೇಕರ್ ಮೋಟಾರು ಮಾತ್ರ ಇನ್ವರ್ಟರ್ ಮೇಲೆ, ಕಂಪ್ರೆಸರ್ ಅಲ್ಲ. ಅಲುಗಾಟ ನಿಂತರೆ ಬ್ಯಾಕ್ಟೀರಿಯಾಗೆ ಉಸಿರಿಲ್ಲ, ಅದು ಬೇಗ ಕೆಡಿಸುತ್ತದೆ. ತಂಪು ಒಂದೆರಡು ಡಿಗ್ರಿ ಏರಿದರೆ ಅಷ್ಟೇನಿಲ್ಲ. ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿದ್ದೇವೆ. ಬಾಗಿಲು ತೆಗೆಯದಿದ್ದರೆ ಕಲ್ಲು, ನೀರು ಎರಡೂ ಸೇರಿ ಮಾಮೂಲಿ ಲೋಡ್‌ಶೆಡ್ಡಿಂಗನ್ನು ದಾಟಿಸುತ್ತವೆ. ಬಿತ್ತನೆ ಆಲೂಗಡ್ಡೆಗೆ ಕೋಲ್ಡ್ ಸ್ಟೋರೇಜ್ ಇರುವ ಊರು ನಮ್ಮದು. ತಂಪು ಕಾಯುವ ಕಷ್ಟ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಜೀನ್ ಮತ್ತು ಸತು

ಪೂರ್ತಿ ಟ್ರೇಲ್ 281 ಅಮೈನೊ ಆಮ್ಲದ ಸರಪಳಿ. ಮೊದಲ ಭಾಗ ಕೋಶದ ಪೊರೆಯಲ್ಲಿ ಸಿಕ್ಕಿಕೊಂಡಿರುತ್ತದೆ, ನಮಗೆ ಅದು ಬೇಡ. 114ರಿಂದ 281ರವರೆಗಿನ ಹೊರಭಾಗ ಮಾತ್ರ ತಗೊಂಡೆವು. ಡುಲಾನರ್ಮಿನ್‌ನಲ್ಲಿದ್ದದ್ದೂ ಅಷ್ಟೇ ತುಂಡು. ಅದರ ಮುಂದೆ ನಿಕಲ್‌ಗೆ ಅಂಟಿಕೊಳ್ಳೋಕೆ ಆರು ಹಿಸ್ಟಿಡೀನ್‌ ಅಮೈನೊ ಆಮ್ಲದ ಬಾಲ (ಹಿಸ್ ಟ್ಯಾಗ್), ಬಾಲಕ್ಕೂ ಪ್ರೋಟೀನಿಗೂ ನಡುವೆ ಟಿಇವಿ ಎಂಬ ಕತ್ತರಿ ಕಿಣ್ವ ಗುರುತು ಹಿಡಿಯುವ ಜಾಗ. ಇ. ಕೋಲೈ ಬ್ಯಾಕ್ಟೀರಿಯಾಗೆ ಒಗ್ಗುವ ಕೋಡಾನ್‌ಗಳಲ್ಲಿ (ಮೂರಕ್ಷರದ ಡಿಎನ್ಎ ಪದಗಳಲ್ಲಿ) ಜೀನ್ ಬರೆಸಿ ಪಿಇಟಿ ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರದಲ್ಲಿ ತರಿಸಿದೆವು. ಟ್ರೇಲ್ ಮೇಲೆ ಸಕ್ಕರೆ ಸರಪಳಿ ಇಲ್ಲದಿದ್ದರೂ ಕೆಲಸ ನಡೆಯುತ್ತದೆ, ಅದಕ್ಕೇ ಬ್ಯಾಕ್ಟೀರಿಯಾದಲ್ಲಿ ಮಾಡೋಕಾಗೋದು. ಆತಿಥೇಯ ಬಿಎಲ್21(ಡಿಇ3) ಎಂಬ ಇ. ಕೋಲೈ ತಳಿ. ಕೆಲಸ ಶುರು ಮಾಡೋ ಮುಂಚೆ ಸಂಸ್ಥೆಯ ಬಯೋಸೇಫ್ಟಿ ಕಮಿಟಿಯ ಒಪ್ಪಿಗೆ ಬೇಕು, ಬ್ಯಾಕ್ಟೀರಿಯಾ ತಾಗಿದ ಪ್ರತಿಯೊಂದೂ ಆಟೋಕ್ಲೇವ್ ಆಗಿಯೇ ಹೊರಗೆ ಹೋಗಬೇಕು. ಇದನ್ನು ಪೇಪರ್ ಕೆಲಸ ಅಂತ ಉದಾಸೀನ ಮಾಡುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಬಾಲ ಕತ್ತರಿಸಲೇಬೇಕಾ? ನಮ್ಮ ಪ್ರಾಜೆಕ್ಟ್ ಹುಡುಗಿ ಕೇಳಿದ್ದು ಇದೇ, "ಮ್ಯಾಮ್, ಎಲ್ರೂ ಹಿಸ್ ಟ್ಯಾಗ್ ಹಾಗೇ ಬಿಡ್ತಾರಲ್ಲ?" ಬೇರೆ ಪ್ರೋಟೀನ್ ಆಗಿದ್ದರೆ ಬಿಡಬಹುದಿತ್ತು. ಟ್ರೇಲ್‌ಗೆ ಇದರಲ್ಲಿ ಒಂದು ಹಳೇ ಜಗಳವೇ ಇದೆ. 2000ದಲ್ಲಿ ಒಂದು ತಂಡ, ಹಿಸ್ ಬಾಲವಿದ್ದ ಟ್ರೇಲ್ ಹಾಕಿದರೆ ಮನುಷ್ಯರ ಮಾಮೂಲಿ ಯಕೃತ್ತಿನ ಕೋಶಗಳೂ ಸಾಯುತ್ತವೆ ಅಂತ ತೋರಿಸಿತು. ಎಲ್ಲರಿಗೂ ಗಾಬರಿ. ಮುಂದಿನ ವರ್ಷವೇ ಇನ್ನೊಂದು ತಂಡ, ಬಾಲವಿಲ್ಲದ, ಸರಿಯಾಗಿ ಸತು ತುಂಬಿದ ಟ್ರೇಲ್ ಹಾಗೆ ಮಾಡೋದಿಲ್ಲ, ಬಾಲವಿದ್ದದ್ದರಲ್ಲಿ ಸತು ಕಡಿಮೆ, ಅದು ಗುಂಪುಗೂಡುತ್ತದೆ ಅಂತ ತೋರಿಸಿತು. ಅಂದರೆ ಒಂದೇ ಹೆಸರಿನ ಪುಡಿ, ಮಾಡಿದ ರೀತಿಯ ಮೇಲೆ ಬೇರೆ ಬೇರೆ ಜೀವಿಯ ಹಾಗೆ ವರ್ತಿಸುತ್ತದೆ. ಅದಕ್ಕೆ ನಾವು ಕತ್ತರಿಸಿದೆವು.

ಸತು ಅಂದರೆ ಜಿಂಕ್. ಟ್ರೇಲ್ ಒಂಟಿಯಾಗಿ ಕೆಲಸ ಮಾಡೋದಿಲ್ಲ. ಮೂರು ಸೇರಿ ಒಂದು ತ್ರಿವಳಿ. ಮೂರರಿಂದಲೂ 230ನೇ ಜಾಗದ ಸಿಸ್ಟೀನ್ ಎಂಬ ಅಮೈನೊ ಆಮ್ಲ ನಡುವೆ ಚಾಚಿಕೊಂಡು, ಮೂರೂ ಸೇರಿ ಒಂದೇ ಒಂದು ಜಿಂಕ್ ಅಯಾನನ್ನು ಹಿಡಿದಿರುತ್ತವೆ. ಮೂರು ಕಲ್ಲಿನ ಒಲೆ ಇದ್ದ ಹಾಗೆ, ಒಂದು ಕಲ್ಲು ಜರುಗಿದರೂ ಮೇಲಿನ ಪಾತ್ರೆ ನಿಲ್ಲಲ್ಲ. ಜಿಂಕ್ ಸಿಗದಿದ್ದರೆ ಆ ಸಿಸ್ಟೀನ್‌ಗಳು ಒಂದಕ್ಕೊಂದು ಅಂಟಿ ಡೈಸಲ್ಫೈಡ್ ಆಗುತ್ತವೆ, ಅಂಥ ಜೋಡಿಗೆ ಕೊಲ್ಲುವ ಶಕ್ತಿ ಬಹಳ ಕಡಿಮೆ. ಟ್ರೇಲ್ ಮಾಡೋ ಕೆಲಸ ಅಂದರೆ ಮುಕ್ಕಾಲು ಪಾಲು ಈ ಜಿಂಕನ್ನು ಕಾಯೋ ಕೆಲಸ. ಉಳಿದದ್ದು ಯಾವ ಪ್ರೋಟೀನಿಗಾದರೂ ಮಾಡೋದೇ.

ಬೆಳೆಸಿದ್ದು

ಲೀಟರಿಗೆ ಟ್ರಿಪ್ಟೋನ್ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 5 ಗ್ರಾಂ, ಉಪ್ಪು 10 ಗ್ರಾಂ, ಅದೇ ಮಾಮೂಲಿ ಎಲ್‌ಬಿ ಮೀಡಿಯಾ, ಬ್ಯಾಕ್ಟೀರಿಯಾದ ಊಟ. ಇನ್ನೂ ಪುಷ್ಟಿಯಾದ ಟಿಬಿ ಮೀಡಿಯಾದಲ್ಲಿ ಕೋಶ ಜಾಸ್ತಿ ಬರುತ್ತದೆ ಅನ್ನೋದು ನಿಜ. ಆದರೆ ಅದರಲ್ಲಿ ಫಾಸ್ಫೇಟ್ ಜಾಸ್ತಿ. ಜಿಂಕ್ ಹಾಕಿದರೆ ಜಿಂಕ್ ಫಾಸ್ಫೇಟ್ ಆಗಿ ಗಸಿಯ ಹಾಗೆ ತಳಕ್ಕೆ ಕೂರುತ್ತದೆ, ಬ್ಯಾಕ್ಟೀರಿಯಾಗೆ ಸಿಗೋದೇ ಇಲ್ಲ. ಇದೇ ಕಾರಣಕ್ಕೆ ಮುಂದೆ ಬಫರ್‌ಗಳಲ್ಲೂ ಫಾಸ್ಫೇಟ್ ಬಿಟ್ಟು ಟ್ರಿಸ್ ಹಿಡಿದೆವು.

ಒಂದು ಲೀಟರ್ ಫ್ಲಾಸ್ಕಿಗೆ 250 ಎಂಎಲ್‌ಗಿಂತ ಜಾಸ್ತಿ ಹಾಕಬೇಡಿ. 37ರಲ್ಲಿ ಬೆಳೆಸಿ ಓಡಿ (ಕಲ್ಚರ್ ಎಷ್ಟು ದಟ್ಟ ಅನ್ನೋ ಅಳತೆ) 0.6 ಆದ ಮೇಲೆ ಫ್ಲಾಸ್ಕನ್ನು ಐಸ್ ನೀರಿನ ಬಕೆಟ್‌ನಲ್ಲಿ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡಬೇಕು. ಫ್ರಿಜ್ಜಿಗೇ ಬಿಟ್ಟರೆ 37ರಿಂದ 18ಕ್ಕೆ ಇಳಿಯೋದು ಬಹಳ ನಿಧಾನ, ಅಷ್ಟರಲ್ಲಿ ಕಲ್ಚರ್ ದಟ್ಟವಾಗಿಬಿಡುತ್ತದೆ. ತಣ್ಣಗಾದ ಮೇಲೆ ಜೀನ್ ಚಾಲೂ ಮಾಡೋಕೆ 0.2 ಮಿಲಿಮೋಲಾರ್ ಐಪಿಟಿಜಿ, 0.1 ಮಿಲಿಮೋಲಾರ್ ಜಿಂಕ್ ಸಲ್ಫೇಟ್. ಏಳು ನೀರಿನ ಜಿಂಕ್ ಸಲ್ಫೇಟ್ ಆದರೆ ಲೀಟರಿಗೆ ಸುಮಾರು 29 ಮಿಲಿಗ್ರಾಂ. ಸಕಲೇಶಪುರದ ಕಡೆ ಕಾಫಿ ಗಿಡಕ್ಕೆ ಸಿಂಪಡಿಸೋದೂ ಇದನ್ನೇ. ಮನೆಯಲ್ಲಿ ತೋಟವಿರುವ ಹುಡುಗನೊಬ್ಬ "ಮ್ಯಾಮ್, ನಮ್ಮನೇಲಿ ಮೂಟೆಗಟ್ಟಲೆ ಇದೆ" ಅಂದ. ಬೇಡ ಮಾರಾಯ, ಗೊಬ್ಬರದಂಗಡಿ ಮಾಲಿನಲ್ಲಿ ಬೇರೆ ಲೋಹ ಏನೇನಿರುತ್ತೋ, ಲ್ಯಾಬ್ ದರ್ಜೆಯದೇ ಇರಲಿ ಅಂತ ನಗುತ್ತಾ ಹೇಳಿದ್ದಾಯ್ತು.

ಉಷ್ಣತೆ ಎಷ್ಟು ವ್ಯತ್ಯಾಸ ಮಾಡುತ್ತೆ ಅಂತ ನೋಡೋಕೆ ಒಂದೇ ಕಲ್ಚರನ್ನು ಎರಡು ಭಾಗ ಮಾಡಿ ಒಂದನ್ನು 37ರಲ್ಲೇ ಬೇರೆ ಕಡೆ ಬಿಟ್ಟಿದ್ದೆವು, ಇನ್ನೊಂದು ಫ್ರಿಜ್‌ನಲ್ಲಿ ರಾತ್ರಿಯಿಡೀ. ಒಡೆದು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನೂ ಕೆಳಗಿನ ಗಟ್ಟಿಯನ್ನೂ ಪಕ್ಕಪಕ್ಕ, ಪ್ರೋಟೀನುಗಳನ್ನು ಗಾತ್ರದ ಮೇಲೆ ಬೇರೆ ಮಾಡುವ 15 ಪರ್ಸೆಂಟ್ ಜೆಲ್‌ನಲ್ಲಿ ಓಡಿಸಿದೆವು. 37ರದ್ದರಲ್ಲಿ ಗಟ್ಟಿಯ ಲೇನ್‌ನಲ್ಲಿ ದಪ್ಪ ಬ್ಯಾಂಡ್, ತಿಳಿಯಲ್ಲಿ ಹುಡುಕಿದರೂ ಇಲ್ಲ. ಎಲ್ಲ ಇನ್‌ಕ್ಲೂಷನ್ ಬಾಡಿ, ಅಂದರೆ ಸರಿಯಾಗಿ ಮಡಚಿಕೊಳ್ಳದೆ ಗಂಟುಕಟ್ಟಿದ ಪ್ರೋಟೀನ್. 18ರದ್ದರಲ್ಲಿ ಒಟ್ಟು ಬ್ಯಾಂಡ್ ತೆಳುವಾಗಿತ್ತು, ಆದರೆ ಅರ್ಧಕ್ಕಿಂತ ಜಾಸ್ತಿ ತಿಳಿಯಲ್ಲಿತ್ತು. ಫ್ರಿಜ್ ಕಟ್ಟಿದ್ದು ಸಾರ್ಥಕ.

ಸೋಸಿದ್ದು

ಒಡೆಯುವ ಬಫರ್: ಟ್ರಿಸ್ ಪಿಎಚ್ 8, ಉಪ್ಪು 300 ಮಿಲಿಮೋಲಾರ್, ಇಮಿಡಜೋಲ್ 10, ಗ್ಲಿಸರಾಲ್ 10 ಪರ್ಸೆಂಟ್, ಬೀಟಾ ಮರ್ಕ್ಯಾಪ್ಟೋಎಥನಾಲ್ 5. ಉಪ್ಪು ಕಡಿಮೆ ಮಾಡಿದಾಗ ದ್ರಾವಣ ಮಂಜು ಕವಿದ ಹಾಗೆ ಬೆಳ್ಳಗಾಗೋದನ್ನು ನೋಡಿದ ಮೇಲೆ 300ರಿಂದ ಕೆಳಗೆ ಇಳಿಸಲಿಲ್ಲ. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ಪಿಎಂಎಸ್‌ಎಫ್ ಹಾಕೋದು ಸೋನಿಕೇಟ್ ಮಾಡೋ (ಶಬ್ದದ ಅಲೆಯಿಂದ ಕೋಶ ಒಡೆಯೋ) ಮುಂಚೆ ಮಾತ್ರ, ನೀರಿಗೆ ಬಿದ್ದ ಮೇಲೆ ಅದು ಹೆಚ್ಚು ಹೊತ್ತು ಬಾಳೋದಿಲ್ಲ. ಸಿದ್ಧ ಪ್ರೋಟಿಯೇಸ್ ಇನ್‌ಹಿಬಿಟರ್ ಮಾತ್ರೆ ಹಾಕುವವರು ಲೇಬಲ್ ಓದಿ. ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ಇರುವ ಮಾತ್ರೆ ಆದರೆ ಅದು ಕಾಲಂನ ನಿಕಲನ್ನೂ ಕೀಳುತ್ತದೆ, ಟ್ರೇಲ್‌ನ ಜಿಂಕನ್ನೂ ಕೀಳುತ್ತದೆ. ಡಿಟಿಟಿ (ಮರ್ಕ್ಯಾಪ್ಟೋಎಥನಾಲ್ ಹಾಗೇ ಡೈಸಲ್ಫೈಡ್ ಬಿಡಿಸುವಂಥದ್ದು) ಜಾಸ್ತಿ ಹಾಕಿದರೂ ಕಷ್ಟವೇ, ನಿಕಲ್ ರೆಸಿನ್ ಕಂದು ಬಣ್ಣಕ್ಕೆ ತಿರುಗುತ್ತದೆ, ಡಿಟಿಟಿ ತಾನೂ ಜಿಂಕ್ ಹಿಡಿಯುತ್ತದೆ.

ಸೋನಿಕೇಶನ್ ಐಸ್ ಮೇಲೆ, 5 ಸೆಕೆಂಡ್ ಓಡಿಸಿ 10 ಸೆಕೆಂಡ್ ಬಿಡೋದು. ಲೋಳೆಲೋಳೆಯಾಗಿದ್ದದ್ದು ನೀರಾಗುವವರೆಗೆ. ಪಿಪೆಟ್ ತುದಿಯಿಂದ ಎತ್ತಿದರೆ ದಾರ ಎಳೆಯಬಾರದು, ಹನಿಯಾಗಿ ಬೀಳಬೇಕು. ಆಮೇಲೆ ನಿಕಲ್ ಕಾಲಂ, 25 ಇಮಿಡಜೋಲ್‌ನಲ್ಲಿ ತೊಳೆದು 250ರಲ್ಲಿ ಇಳಿಸೋದು (ನಿಕಲ್‌ನಿಂದ ಬಾಲವನ್ನು ಬಿಡಿಸೋದು ಇಮಿಡಜೋಲೇ). ಇದರಲ್ಲಿ ವಿಶೇಷ ಏನಿಲ್ಲ.

ಟಿಇವಿಯಲ್ಲಿ ವಿಶೇಷ ಇದೆ. ಆ ಕಿಣ್ವದ ಜೊತೆ ಸಾಮಾನ್ಯವಾಗಿ ಹೇಳುವ ಬಫರ್‌ನಲ್ಲಿ 0.5 ಮಿಲಿಮೋಲಾರ್ ಇಡಿಟಿಎ ಇರುತ್ತದೆ. ಬೇರೆ ಪ್ರೋಟೀನ್ ಕತ್ತರಿಸುವವರು ಇದನ್ನು ಗಮನಿಸೋದೂ ಇಲ್ಲ, ಗಮನಿಸಬೇಕಾಗಿಯೂ ಇಲ್ಲ. ಇಲ್ಲಿ ಅದೇ ವಿಷ. ಟಿಇವಿಗೆ ಇಡಿಟಿಎ ಬೇಕೇ ಬೇಕು ಅಂತೇನಿಲ್ಲ, ಅದು ಸಿಸ್ಟೀನ್ ಪ್ರೋಟಿಯೇಸ್, ಸ್ವಲ್ಪ ರಿಡ್ಯೂಸಿಂಗ್ ವಾತಾವರಣ ಇದ್ದರೆ ಸಾಕು. ನಾವು ಕಿಣ್ವವನ್ನು ಮೊದಲೇ ಇಡಿಟಿಎ ಇಲ್ಲದ ಬಫರಿಗೆ ಡಯಾಲಿಸಿಸ್ ಮಾಡಿಕೊಂಡು, ಟ್ರೇಲ್ ಜೊತೆ ಡಯಾಲಿಸಿಸ್ ಚೀಲದೊಳಗೇ ಹಾಕಿ, ಹೊರಗಿನ ಬಫರ್‌ನಲ್ಲಿ 20 ಮೈಕ್ರೋಮೋಲಾರ್ ಜಿಂಕ್ ಇಟ್ಟು, ರಾತ್ರಿ 4 ಡಿಗ್ರಿಯಲ್ಲಿ ಬಿಟ್ಟೆವು. ಬೆಳಗ್ಗೆ ಜೆಲ್‌ನಲ್ಲಿ ಬ್ಯಾಂಡ್ ಒಂದು ಮೆಟ್ಟಿಲು ಕೆಳಗಿಳಿದಿತ್ತು. ಕತ್ತರಿಸಿದ್ದು 20 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಆಸುಪಾಸು, ಕತ್ತರಿಸದ್ದು ಸ್ವಲ್ಪ ಮೇಲೆ.

ಮತ್ತೆ ನಿಕಲ್ ಮೇಲೆ ಹಾಯಿಸಿದರೆ ಬಾಲ, ಕತ್ತರಿಸದೇ ಉಳಿದದ್ದು, ಟಿಇವಿ ಮೂರೂ ಅಂಟಿಕೊಳ್ಳುತ್ತವೆ (ಟಿಇವಿಗೂ ಹಿಸ್ ಬಾಲ ಇರುತ್ತದೆ), ನಮ್ಮದು ಹರಿದು ಹೊರಬರುತ್ತದೆ. ಬಾಲ ಇಲ್ಲದಿದ್ದರೂ ಸ್ವಲ್ಪ ಟ್ರೇಲ್ ನಿಕಲ್‌ಗೆ ಅಂಟುತ್ತಿತ್ತು, 20 ಇಮಿಡಜೋಲ್ ಇಟ್ಟ ಮೇಲೆ ಬಿಟ್ಟಿತು.

ಜೆಲ್ ಚೆಂದ ಬಂದ ಮೇಲಿನ ಕಥೆ

ಈಗ ಮಾಮೂಲಿ ಜೆಲ್‌ನಲ್ಲಿ ಒಂದೇ ಒಂದು ಚೊಕ್ಕ ಬ್ಯಾಂಡ್. ಫೋಟೋ ತೆಗೆದು ರಿಪೋರ್ಟಿಗೆ ಅಂಟಿಸಿ ಕೆಲಸ ಮುಗೀತು ಅನ್ನಬಹುದಿತ್ತು. ಬಹಳ ಕಡೆ ಅಷ್ಟಕ್ಕೇ ಮುಗಿಸುತ್ತಾರೆ ಕೂಡ. ಆದರೆ ಈ ಮಾಮೂಲಿ ಜೆಲ್, ಅಂದರೆ ಎಸ್‌ಡಿಎಸ್ ಜೆಲ್, ತ್ರಿವಳಿಯ ಮೂರನ್ನೂ ಬಿಡಿಸಿ ಒಂದೊಂದಾಗಿ ಓಡಿಸುತ್ತದೆ. ಒಲೆ ಸರಿಯಾಗಿ ಹೂಡಿದೆಯಾ ಇಲ್ವಾ ಅನ್ನೋದು ಅದರಲ್ಲಿ ಗೊತ್ತಾಗಲ್ಲ.

ಮೊದಲು ಅದೇ ಸ್ಯಾಂಪಲನ್ನು ಮರ್ಕ್ಯಾಪ್ಟೋಎಥನಾಲ್ ಇಲ್ಲದೆ ಓಡಿಸಿದೆವು. 20ರ ಬ್ಯಾಂಡಿನ ಜೊತೆ 40ರ ಹತ್ತಿರ ಇನ್ನೊಂದು ತೆಳು ಬ್ಯಾಂಡ್ ಬಂತು. ಅದೇ 230ನೇ ಸಿಸ್ಟೀನ್ ಅಂಟಿಕೊಂಡ ಜೋಡಿ. ಜಿಂಕ್ ಇಲ್ಲದೆ ಬೆಳೆಸಿದ ಬ್ಯಾಚಿನದ್ದೂ ಸ್ವಲ್ಪ ಎತ್ತಿಟ್ಟಿದ್ದೆವು, ಹೋಲಿಕೆಗೆ. ಅದರಲ್ಲಿ 40ರದ್ದು ಎದ್ದು ಕಾಣುವಷ್ಟು ದಪ್ಪ. ಎರಡನ್ನೂ ಪಕ್ಕಪಕ್ಕ ನೋಡಿದ ಮೇಲೆ ಹುಡುಗಿಗೆ ನಾನು ಜಿಂಕ್ ಬಗ್ಗೆ ಮತ್ತೇನೂ ಹೇಳಬೇಕಾಗಲಿಲ್ಲ.

ತ್ರಿವಳಿಯನ್ನು ಬೇರೆ ಮಾಡೋಕೆ ಗಾತ್ರದ ಮೇಲೆ ಸೋಸುವ ಕಾಲಂ ಬೇಕು, ಅದರಲ್ಲಿ ದೊಡ್ಡದು ಮೊದಲು ಹೊರಬರುತ್ತದೆ. ಅದನ್ನು ಮಾಡುವ ಎಫ್‌ಪಿಎಲ್‌ಸಿ ಮೆಷಿನ್ ನಮ್ಮಲ್ಲಿಲ್ಲ. ಕೆಮಿಸ್ಟ್ರಿಯವರಿಂದ 50 ಎಂಎಲ್ ಬ್ಯೂರೆಟ್ ಒಂದನ್ನು ಕೇಳಿ ತಂದೆವು. ತಳಕ್ಕೆ ಗಾಜಿನ ಉಣ್ಣೆ, ಮೇಲೆ ಸೆಫಡೆಕ್ಸ್ ಜಿ-100 ಎಂಬ ಜೆಲ್ ಮಣಿಗಳು. ಜಿ-75 ಕೂಡ ಇತ್ತು, ಆದರೆ ಅದರಲ್ಲಿ 60 ಕಿಲೋಡಾಲ್ಟನ್‌ನ ತ್ರಿವಳಿಯೂ ಗುಂಪುಗೂಡಿದ ಕಸವೂ ಹೆಚ್ಚುಕಡಿಮೆ ಒಟ್ಟಿಗೇ ಬಂದುಬಿಡುತ್ತವೆ. ಜಿ-100 ಪುಡಿಯನ್ನು ನೆನೆಸಿದರೆ ಉಬ್ಬೋಕೆ ಮೂರು ದಿನ, ಕುದಿಯುವ ನೀರಿನ ಬಾತ್‌ನಲ್ಲಿಟ್ಟರೆ ಐದು ಗಂಟೆ. ಬಹಳ ಮೆತ್ತನೆಯ ಜೆಲ್ ಅದು. ಬಫರ್ ಬಾಟಲಿಯನ್ನು ಎತ್ತರದಲ್ಲಿ ನೇತುಹಾಕಿದರೆ ಒತ್ತಡಕ್ಕೆ ಕುಗ್ಗಿ ಹರಿವೇ ನಿಂತುಹೋಗುತ್ತದೆ. ಒಂದು ಗೇಣು ಎತ್ತರ ಸಾಕು. ತುಂಬುವಾಗ ಒಂದೇ ಸಲಕ್ಕೆ ಸುರಿಯಬೇಕು, ನಡುವೆ ನಿಲ್ಲಿಸಿ ಮತ್ತೆ ಸುರಿದರೆ ಅಲ್ಲೊಂದು ಪದರ ಬಿದ್ದು ಬಣ್ಣ ಓರೆಯಾಗಿ ಇಳಿಯುತ್ತದೆ.

ಬ್ಯೂರೆಟ್ ಸರಿಯಿದೆಯಾ ಅಂತ ನೋಡೋಕೆ ಮೊದಲು ಗಾತ್ರ ಗೊತ್ತಿರುವ ನೀಲಿ ಡೆಕ್ಸ್‌ಟ್ರಾನ್, ಬಿಎಸ್‌ಎ, ಸೈಟೋಕ್ರೋಮ್ ಸಿ ಮೂರನ್ನೂ ಬೆರೆಸಿ ಬಿಟ್ಟೆವು. ನೋಡೋಕೇ ಒಂದು ಖುಷಿ. ಮೇಲಿನಿಂದ ನೀಲಿ ಗೆರೆ ಮುಂದೆ ಮುಂದೆ ಇಳಿಯುತ್ತದೆ, ಇಟ್ಟಿಗೆ ಕೆಂಪಿನ ಸೈಟೋಕ್ರೋಮ್ ಹಿಂದೆ ಉಳಿದುಕೊಂಡು ನಿಧಾನಕ್ಕೆ ಬರುತ್ತದೆ, ನಡುವೆ ಕಣ್ಣಿಗೆ ಕಾಣದ ಬಿಎಸ್‌ಎ ಎಲ್ಲೋ ಇರುತ್ತದೆ. ಅದನ್ನು ಹಿಡಿಯೋಕೆ ಪ್ರೋಟೀನ್ ಸಿಕ್ಕರೆ ನೀಲಿಯಾಗುವ ಬ್ರಾಡ್‌ಫರ್ಡ್. ಪ್ಲೇಟಿನ ಗುಳಿಗಳಲ್ಲಿ ಬ್ರಾಡ್‌ಫರ್ಡ್ ದ್ರಾವಣ ಹಾಕಿಟ್ಟು, ಪ್ರತಿ ಟ್ಯೂಬಿಂದ ಒಂದು ಹನಿ ಬಿಡ್ತಾ ಹೋದರೆ ಕಂದು, ಕಂದು, ಕಂದು, ಆಮೇಲೆ ತಿಳಿನೀಲಿ, ಗಾಢ ನೀಲಿ, ಮತ್ತೆ ಕಂದು. ಯಾವ ಮೆಷಿನ್ನೂ ಬೇಡ.

ಟ್ರೇಲ್ ಹಾಕಿದಾಗ ನೀಲಿ ಎರಡು ಕಡೆ ಬಂತು. ಡೆಕ್ಸ್‌ಟ್ರಾನ್ ಜಾಗದಲ್ಲಿ ಸ್ವಲ್ಪ, ಅದು ಗುಂಪುಗೂಡಿದ್ದು, ಬಿಸಾಕುವಂಥದ್ದು. ಬಿಎಸ್‌ಎ ಬಂದ ಜಾಗದ ಬೆನ್ನಿಗೇ ದೊಡ್ಡದು. ಬಿಎಸ್‌ಎ 66, ತ್ರಿವಳಿ 59 ಆಸುಪಾಸು, ಲೆಕ್ಕ ಕೂಡಿತು. ಸೈಟೋಕ್ರೋಮ್ ಕಡೆ ಏನೂ ಬರಲಿಲ್ಲ ಅಂದರೆ ಒಂಟಿಗಳಿಲ್ಲ. ಜಿಂಕ್ ಇಲ್ಲದ ಬ್ಯಾಚನ್ನು ಹಾಕಿದಾಗ ಬಹುಪಾಲು ಮುಂದಿನ ಕಸದಲ್ಲೇ ಹೋಯಿತು. ಕೊನೆಗೆ ಕೈಗೆ ಉಳಿದದ್ದು ಲೀಟರ್ ಕಲ್ಚರ್‌ಗೆ ಕೆಲವು ಮಿಲಿಗ್ರಾಂ. ಕಂಪನಿಯವರ ಸೀಸೆಗೆ ಹೋಲಿಸಿದರೆ ಅದು ರಾಶಿ.

ಸಾಯುತ್ತವಾ?

ಕೋಶ ಬೆಳೆಸುವ ಸೌಕರ್ಯ ನಮ್ಮಲ್ಲಿಲ್ಲ. ಮೈಸೂರಿನ ಸ್ನೇಹಿತರ ಲ್ಯಾಬಿನಲ್ಲಿ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತಂದ ಜುರ್ಕಾಟ್ ಕೋಶಗಳಿದ್ದವು. ಟ್ಯೂಬುಗಳನ್ನು ಐಸ್ ಡಬ್ಬಿಯಲ್ಲಿಟ್ಟು ಹೊಳೆನರಸೀಪುರ, ಕೆ.ಆರ್. ನಗರ ಮೇಲೆ ಹೋಗುವ ಬಸ್ಸು ಹತ್ತಿದ್ದಾಯ್ತು. ಕಂಡಕ್ಟರ್ ಡಬ್ಬಿ ನೋಡಿ "ಮೀನಾ?" ಅಂತ ಕೇಳಿದರು.

ಜುರ್ಕಾಟ್ ಟಿ-ಕೋಶದ ರಕ್ತಕ್ಯಾನ್ಸರ್‌ನಿಂದ ಬಂದ ಕೋಶ, ಟ್ರೇಲ್‌ಗೆ ಚೆನ್ನಾಗಿ ಸಾಯುವಂಥದ್ದು. ಮಿಲಿಲೀಟರಿಗೆ 1, 10, 100 ನ್ಯಾನೊಗ್ರಾಂ ಹೀಗೆ ಏರಿಸುತ್ತಾ ಹಾಕಿ ಮಾರನೇ ದಿನ ಎಂಟಿಟಿ ಮಾಡಿದೆವು. ಬದುಕಿದ ಕೋಶ ಹಳದಿ ಎಂಟಿಟಿಯನ್ನು ನೇರಳೆ ಹರಳಾಗಿಸುತ್ತದೆ, ಸತ್ತದ್ದು ಮಾಡೋದಿಲ್ಲ. ಜುರ್ಕಾಟ್ ತೇಲುವ ಕೋಶ, ಅದಕ್ಕೆ ಪ್ಲೇಟನ್ನೇ ಸೆಂಟ್ರಿಫ್ಯೂಜ್ ಮಾಡಿ ಆಮೇಲೆ ನೀರು ತೆಗೆಯಬೇಕು, ಇಲ್ಲಾಂದ್ರೆ ಹರಳುಗಳೂ ಪಿಪೆಟ್ ಜೊತೆ ಎದ್ದುಬರುತ್ತವೆ.

ಇಲ್ಲಿ ಹೋಲಿಕೆಗಳೇ ಮುಖ್ಯ. ಬರೀ ಬಫರ್ ಹಾಕಿದ ಗುಳಿಗಳು ಬೇಕು, ಯಾಕಂದ್ರೆ ಇಮಿಡಜೋಲ್ ಉಳಿದಿದ್ದರೆ ಅದೇ ತೊಂದರೆ ಕೊಡಬಹುದು. ಇ. ಕೋಲೈಯಿಂದ ಮಾಡಿದ ಯಾವ ಪ್ರೋಟೀನ್‌ನಲ್ಲೂ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯ ವಿಷ) ಬಂದೇ ಇರುತ್ತದೆ, ಅದು ಕುದಿಸಿದರೂ ಹೋಗಲ್ಲ. ಹಾಗಾಗಿ ಕುದಿಸಿದ ಟ್ರೇಲ್ ಕೂಡ ಒಂದು ಸಾಲಿಗೆ ಹಾಕಿದೆವು: ಅದರಲ್ಲಿ ಕೋಶ ಸತ್ತರೆ ಕಾರಣ ಟ್ರೇಲ್ ಅಲ್ಲ ಅಂತ ಅರ್ಥ. ಇನ್ನೊಂದು ಸಾಲಿಗೆ ಕ್ಯಾಸ್ಪೇಸ್ ತಡೆಯುವ ಝಡ್-ವಿಎಡಿ ಮೊದಲೇ ಹಾಕಿ ಆಮೇಲೆ ಟ್ರೇಲ್. ಮತ್ತೊಂದಕ್ಕೆ ಇಡಿಟಿಎಯಲ್ಲಿ ನೆನೆಸಿ, ಡಯಾಲಿಸಿಸ್ ಮಾಡಿ ಇಡಿಟಿಎ ತೆಗೆದ ನಮ್ಮದೇ ಟ್ರೇಲ್.

ಬಫರ್ ಸಾಲು ನೇರಳೆ. ಕುದಿಸಿದ್ದು ನೇರಳೆ. ಝಡ್-ವಿಎಡಿ ಸಾಲೂ ಹೆಚ್ಚುಕಡಿಮೆ ನೇರಳೆಯೇ. ಬ್ಯೂರೆಟ್‌ನ ದೊಡ್ಡ ನೀಲಿಯಿಂದ ಬಂದ ಟ್ರೇಲ್ ಹಾಕಿದ ಕಡೆ 10 ನ್ಯಾನೊಗ್ರಾಂನಲ್ಲೇ ಬಣ್ಣ ಇಳಿದಿತ್ತು, 100ರಲ್ಲಿ ಗುಳಿ ಬಹುತೇಕ ಖಾಲಿ ಕಂಡಿತು. ಇಡಿಟಿಎಯಲ್ಲಿ ನೆನೆಸಿದ್ದ ಟ್ರೇಲ್ 100ರಲ್ಲೂ ಅರೆಬರೆ ಕೊಂದಿತ್ತು. ಜಿಂಕ್ ಇಲ್ಲದ ಬ್ಯಾಚಿನದ್ದೂ ಅದೇ ದಾರಿ. ನೆನಪಿರಲಿ, ಮಾಮೂಲಿ ಜೆಲ್‌ನಲ್ಲಿ ಈ ಮೂರೂ ಅದೇ 20ರಲ್ಲಿ, ಅಷ್ಟೇ ಚೊಕ್ಕ ಬ್ಯಾಂಡ್. ಯಾರಾದರೂ ಟ್ರೇಲ್ ಕೊಟ್ಟರೆ ಜೆಲ್ ಫೋಟೋ ಆಮೇಲೆ ನೋಡಿ, ಮೊದಲು ಬಫರ್‌ನಲ್ಲಿ ಏನಿದೆ, ಬಾಲ ಇದೆಯಾ, ಯಾವ ಕೋಶವನ್ನು ಎಷ್ಟರಲ್ಲಿ ಕೊಂದಿದೆ ಅಂತ ಕೇಳಿ.

ಇಟ್ಟಿರೋದು ಪುಟ್ಟ ಪುಟ್ಟ ಭಾಗಗಳಾಗಿ, 10 ಪರ್ಸೆಂಟ್ ಗ್ಲಿಸರಾಲ್‌ನಲ್ಲಿ, ಮೈನಸ್ 20ರಲ್ಲಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸೋದಿಲ್ಲ. ಮೈನಸ್ 80 ಇದ್ದವರು ಅದರಲ್ಲೇ ಇಡಿ. ಮೈಸೂರಿನವರು ಮುಂದೆ ಹೀಲಾ ಎಂಬ ಗರ್ಭಕಂಠದ ಕ್ಯಾನ್ಸರ್ ಕೋಶದ ಮೇಲೂ ನೋಡುತ್ತಾರೆ, ಅದು ಜುರ್ಕಾಟ್‌ನಷ್ಟು ಸುಲಭಕ್ಕೆ ಸಾಯೋದಲ್ಲ, ಜೊತೆಗೆ ಕೋಶದ ಪ್ರೋಟೀನ್ ತಯಾರಿ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಹಾಕಬೇಕಾಗಬಹುದು. ಅವರಿಗೆ ಕೊಡುವ ಮುಂಚೆ ಎಂಡೋಟಾಕ್ಸಿನ್ ಇಳಿಸೋಕೆ ಟ್ರೈಟಾನ್ ಎಕ್ಸ್-114 ಎಂಬ ಸಾಬೂನಿನಂಥದ್ದರಿಂದ ತೊಳೆತ ಮಾಡಬೇಕು. ಫ್ರಿಜ್‌ನ ಬಾಗಿಲಿನ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿದೆ, ಗುಜರಿಯವರು ಅದೇ ಅಳತೆಯದ್ದು ಸಿಕ್ಕರೆ ಫೋನ್ ಮಾಡುತ್ತೇನೆ ಅಂದಿದ್ದಾರೆ. ಅಲ್ಲೀವರೆಗೆ ಬ್ರೌನ್ ಟೇಪ್.